ಹದಿನೇಳರ ಹೆಬ್ಬೆಟ್ಟು

ಮಾರ್ಚ್ 22, ಶನಿವಾರ

ಭಾವ,

ಹದಿನೇಳನ್ನು ಅಳಿಸಬೇಡಿ.

ಉಳಿದದ್ದೆಲ್ಲ ಆಮೇಲೆ. ನಿಮ್ಮ ತಮ್ಮ ಗುರುವಾರ ಮಧ್ಯಾಹ್ನ ಕಾಡಿನ ಬೆಂಕಿ ಎಲ್ಲಿಯವರೆಗೆ ಬಂದಿದೆ ನೋಡಿಬರುತ್ತೇನೆ ಎಂದು ಕಣಿವೆಗೆ ಇಳಿದವರು ಮೇಲೆ ಬಂದಿಲ್ಲ ಅಂತ ನಿನ್ನೆ ಇಲ್ಲಿ ಅಮ್ಮನ ಮನೆಗೆ ಸುದ್ದಿ ಬಂತು. ವೈರ್‌ಲೆಸ್ ಸೆಟ್ಟಿನ ಸಮೇತ ಯಾರಾದರೂ ಒಂದು ದಿನಕ್ಕಿಂತ ಹೆಚ್ಚು ಕಾಣೆಯಾದರೆ ಆ ನಂಬರನ್ನು ಗುಂಪಿನಿಂದ ಅಳಿಸಿ, ನಮ್ಮ ಮಾತು ಹೊರಗಿನವರಿಗೆ ಕೇಳದಂತೆ ಬಿಗಿಯುವ ಕೀಲಿಯನ್ನು ಎಲ್ಲರಿಗೂ ಬದಲಾಯಿಸಬೇಕು. ನಿಯಮದ ಆ ಹಾಳೆ ಟೈಪ್ ಮಾಡಿ ಗೋಡೆಗೆ ಅಂಟಿಸಿದವಳೇ ನಾನು. ನೀವು ಈಗ ನನ್ನ ಕುರ್ಚಿಯಲ್ಲಿ ಕೂತು ಅದನ್ನೇ ದಿಟ್ಟಿಸುತ್ತಿರುತ್ತೀರಿ.

ಅಳಿಸಿದರೆ ಅವರ ಕೈಯಲ್ಲಿರುವ ಸೆಟ್ಟು ಇಟ್ಟಿಗೆಯಾಗುತ್ತದೆ, ಭಾವ. ಅವರು ಕಣಿವೆಯ ತಳದಿಂದ ಗಂಟಲು ಹರಿಯುವ ಹಾಗೆ ಕೂಗಿದರೂ ನಮಗೆ ಕೇಳುವುದು ಬರೀ ಗೊರಗೊರ. ಅವರ ಸೆಟ್ಟಿನ ಬೆನ್ನಿಗೆ ಬಿಸಿಲಲ್ಲಿ ಚಾರ್ಜ್ ಆಗುವ ಹಲಗೆ ಇದೆ. ವಾರಗಟ್ಟಲೆ ಬದುಕುತ್ತದೆ. ಸೋಮವಾರ ಹತ್ತು ಗಂಟೆಗೆ ಎಂದಿನಂತೆ ಕೀಲಿ ಬದಲಿಸಿ. ಹದಿನೇಳು ಉತ್ತರ ಕೊಡುತ್ತಾ ನೋಡಿ.

ಫೋನ್ ಮಾಡಬೇಡಿ. ಕೀಲಿಯ ಮಾತು ಗಾಳಿಯಲ್ಲಿ ಹೋಗಬಾರದು, ಕಾಗದದಲ್ಲಿ ಮಾತ್ರ. ಅದನ್ನೂ ಟೈಪ್ ಮಾಡಿದವಳು ನಾನೇ. ದಿನಸಿ ಜೀಪಿನ ಡ್ರೈವರ್ ಕೈಗೆ ಕೊಟ್ಟಿದ್ದೇನೆ.

ಪುಟ್ಟಿ ಚೆನ್ನಾಗಿದ್ದಾಳೆ. ಅವಳಿಗೇನು ಗೊತ್ತು.


ಮಾರ್ಚ್ 25, ಮಂಗಳವಾರ

ಕೀಲಿಯಮ್ಮಾ,

ಮೊದಲು ಕೂತ್ಕೋ. ಮಗು ಕೈಯಲ್ಲಿದ್ದರೆ ನಿಮ್ಮಮ್ಮನಿಗೆ ಕೊಡು. ಆಮೇಲೆ ಓದು.

ನಾನು ಬೆಸುಗೆ ಹಾಕುವವನು, ಬೀಗ ಹಾಕುವವನಲ್ಲ. ನಿನ್ನ ಹೆರಿಗೆ ರಜೆ ಮುಗಿಯೋವರೆಗೆ ಕೂತಿರು ಅಂದರು, ಕೂತಿದ್ದೇನೆ. ಶನಿವಾರ ಸಾಹೇಬರು ಬಂದು ಹಾಳೆ ಮೇಲೆ ಬೆರಳಿಟ್ಟರು. "ಅಳಿಸಿದೆಯಾ?" ಅಂದರು. ಇಲ್ಲ ಸಾರ್ ಅಂದೆ. "ಸೆಟ್ಟು ಯಾರ ಕೈಲಿದೆ ಅಂತ ಗೊತ್ತಾ ನಿಂಗೆ?" "ನನ್ನ ತಮ್ಮನ ಕೈಲಿ ಸಾರ್." "ಗೊತ್ತಾ ಅಂತ ಕೇಳ್ದೆ. ಆಸೆನಾ ಅಂತ ಕೇಳ್ಲಿಲ್ಲ."

ನಿನ್ನ ಕಾಗದ ತೋರಿಸಿದೆ. ಸೋಮವಾರದವರೆಗೆ ಅಂದರು.

ನಿನ್ನೆ ಹತ್ತು ಗಂಟೆಗೆ ಕೀಲಿ ಕಳಿಸಿದೆ. ಪಟ್ಟಿಯಲ್ಲಿ ಒಬ್ಬೊಬ್ಬರದೇ ‘ಮುಟ್ಟಿತು’ ಬರ್ತಾ ಇತ್ತು. ಒಂದು, ನಾಲ್ಕು, ಒಂಬತ್ತು. ಇಪ್ಪತ್ತೆರಡು ಸೆಟ್ಟಲ್ಲಿ ಇಪ್ಪತ್ತೊಂದು ಬಂತು. ಬೆಂಕಿ ಕಾವಲಿನ ಉದ್ದಜ್ಜ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಚಹಾ ಲೋಟ. ನಾನು ಕುರ್ಚಿ ಹಿಂದೆ ತಳ್ಳಿದೆ. ಆಗ ಬಂತು ನೋಡು. ಹದಿನೇಳು: ಮುಟ್ಟಿತು.

ಲೋಟ ಹೋಯಿತು. ಹೊಸದು.

ಆದರೆ ಹೆಬ್ಬೆಟ್ಟು ಬಂದಿಲ್ಲ. ‘ಮುಟ್ಟಿತು’ ಅನ್ನೋದು ಸೆಟ್ಟು ತಾನೇ ಹೇಳತ್ತೆ. ಆಮೇಲೆ ‘ನಾನಿದ್ದೀನಿ’ ಅಂತ ಮನುಷ್ಯ ಗುಂಡಿ ಒತ್ತಬೇಕಲ್ಲ, ಅದು ಇಲ್ಲ. ಕೈಗೆ ಪೆಟ್ಟಾಗಿರಬಹುದು. ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಉತ್ತರ ಬರೋವರೆಗೂ ಹುಡುಕಿ, ಅಳಿಸೋದು ಬೇಡ" ಅಂದರು. ನಾಳೆ ಉದ್ದಜ್ಜನ ಜೊತೆ ಮೂವರು ಇಳೀತಾರೆ.

ಊಟ ಬಿಡಬೇಡ.


ಮಾರ್ಚ್ 29, ಶನಿವಾರ

ಭಾವ,

ನಿಮ್ಮ ಕಾಗದ ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಹರಿದಿದೆ. ‘ಮುಟ್ಟಿತು’ ಎಂಬ ಮಾತಿನ ಮೇಲೆ ಸರಿಯಾಗಿ.

ಕೆಲಸಕ್ಕೆ ಸೇರಿದ ದಿನ ಅವರು ಆಡಿದ ಮಾತು ನೆನಪಾಯಿತು. "ಅಷ್ಟು ಓದಿ ಬಂದಿದೀರಿ, ಇಲ್ಲಿ ಎಲ್ಲರೂ ಹೆಬ್ಬೆಟ್ಟೇ ಮೇಡಂ." ಅದಕ್ಕೇ ಅವರನ್ನು ಗಮನಿಸಿದ್ದು. ಆಮೇಲೆ ಮದುವೆಯಾಗಿದ್ದು.

ನಿಮಗೆ ಗೊತ್ತಿಲ್ಲದ್ದು ಒಂದಿದೆ, ಬರೆದಿಡುತ್ತೇನೆ. ಪ್ರತಿಯೊಬ್ಬರ ಹತ್ತಿರ ಎರಡು ಕೀಲಿ ಇರುತ್ತವೆ. ಒಂದು ಅವರೊಬ್ಬರದೇ, ಇನ್ನೊಂದು ಗುಂಪಿನದು. ಸೋಮವಾರದ ಹೊಸ ಕೀಲಿಯನ್ನು ಹಳೆಯ ಗುಂಪಿನ ಕೀಲಿಯಲ್ಲೇ ಸುತ್ತಿ ಕಳಿಸುತ್ತೇವೆ. ಹೋದ ವಾರದ್ದು ಇದ್ದವರಿಗೆ ಈ ವಾರದ್ದೂ ಸಿಗುತ್ತದೆ. ನಡುವೆ ಸೆಟ್ಟು ಆರಿದ್ದರೂ, ಹೊತ್ತಿಸಿದಾಗ ತಪ್ಪಿದ ವಾರಗಳ ಕೀಲಿಯನ್ನು ಟವರ್ ಕಂಬದಿಂದ ಸಾಲಾಗಿ ಎತ್ತಿಕೊಳ್ಳುತ್ತದೆ. ಹಾಗಾಗಿ ಒಂದು ವಾರವೂ ತಪ್ಪಿಸಬೇಡಿ. ಅವರ ಕೈಯ ಎಳೆ ಕಡಿಯಬಾರದು.

ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಪುಟ್ಟಿಯ ಉಸಿರು ನಿಂತ ಹಾಗಾಗುತ್ತದೆ, ಎದ್ದು ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಬೆರಳಿನ ತಂಪು ತಗುಲಿ ಅವಳಿಗೆ ಎಚ್ಚರವಾಗುತ್ತದೆ, ಅಳುತ್ತಾಳೆ, ಅತ್ತಾಗ ನನಗೆ ಸಮಾಧಾನ. ಎಂಥ ತಾಯಿ ನೋಡಿ. ಅಮ್ಮ ಗದರಿದ್ದಾಳೆ. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಮಗು ಅವಳದ್ದು, ನಾನು ಬಾಗಿಲು ಹಾಕಿಕೊಂಡು ಮಲಗಲೇಬೇಕಂತೆ. ಆ ಮೂರು ಗಂಟೆ ಮಾತ್ರ ಸತ್ತಂತೆ ಮಲಗುತ್ತೇನೆ.

ಇನ್ನೊಂದು ವಿಷಯ ಬರೆಯಬೇಕಿತ್ತು. ಬೇಡ. ಈಗ ಅದರಿಂದೇನೂ ಆಗಬೇಕಾಗಿಲ್ಲ.


ಏಪ್ರಿಲ್ 15, ಮಂಗಳವಾರ

ಕೀಲಿಯಮ್ಮಾ,

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಸೋಮವಾರ ಸೋಮವಾರ ‘ಮುಟ್ಟಿತು’ ಬರೋದು, ನಾವು ಹುಡುಕೋದು, ಬರಿಗೈಲಿ ವಾಪಸ್ಸು. ಬೋಳು ಗುಡ್ಡದ ಹಿಂದೆ ಒಂದು ಸಲ ಮೂರು ಕಲ್ಲಿನ ಒಲೆ ಸಿಕ್ಕಿತು. ಬೂದಿ ಇನ್ನೂ ಬೆಚ್ಚಗಿತ್ತು. ಕೂಗಿದೆವು. ಹಕ್ಕಿ ಕೂಡ ಅಲ್ಲಾಡಲಿಲ್ಲ.

ನಿನ್ನೆ ಹೆಬ್ಬೆಟ್ಟು ಬಂತು.

ಹತ್ತು ಗಂಟೆ ಎರಡು ನಿಮಿಷಕ್ಕೆ. ನಾವೆಲ್ಲ ಒಂದು ಸಲ ಒತ್ತಿ ಬಿಡ್ತೀವಿ. ಇದು ಹಾಗಲ್ಲ. ಎರಡು ಸಲ ಬೇಗ ಬೇಗ, ಸ್ವಲ್ಪ ತಡೆದು, ಇನ್ನೊಂದು. ಟಕ್ ಟಕ್... ಟಕ್. ನಿನ್ನ ಗಂಡ ಹಾಗೇ ಅಲ್ವಾ ಒತ್ತುತ್ತಿದ್ದದ್ದು? ಚಿಕ್ಕಂದಿನಲ್ಲಿ ಬಚ್ಚಲ ಬಾಗಿಲೂ ಹಾಗೇ ಬಡೀತಿದ್ದ, ಒಳಗೆ ನಾನಿದ್ದರೆ. ಯಾರು ಅಂತ ಕೇಳಬೇಕಾಗಿರಲಿಲ್ಲ.

ಸಾಹೇಬರು ಪಟ್ಟಿಯನ್ನು ಎರಡು ಸಲ ಓದಿದರು. ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು.

ನಾವು ಎಲ್ಲಿ ಹುಡುಕ್ತೀವಿ ಅಂತ ಪ್ರತಿ ಭಾನುವಾರ ಸೆಟ್ಟಲ್ಲಿ ಕೂಗಿ ಹೇಳ್ತಾ ಇದೀವಿ, ಅವನಿಗೆ ಕೇಳಿಸಲಿ ಅಂತ. ಬದುಕಿದಾನೆ ಕಣಮ್ಮಾ.


ಏಪ್ರಿಲ್ 19, ಶನಿವಾರ

ಭಾವ,

ಅದು ಅವರೇ.

ಪುಟ್ಟಿ ಹೊಟ್ಟೆಯಲ್ಲಿದ್ದಾಗ ದಿನಾ ನನ್ನ ಹೊಟ್ಟೆಯ ಮೇಲೆ ಹಾಗೇ ತಟ್ಟುತ್ತಿದ್ದರು. ಎರಡು, ತಡೆದು, ಒಂದು. "ಒಳಗೆ ಯಾರಿದೀರಿ?" ಅನ್ನುವರು. ಅವಳು ಒದ್ದರೆ, "ಹದಿನೇಳು ಕೇಳಿಸ್ತು, ಓವರ್" ಅನ್ನುವರು. ನಾನು ಬೈಯುತ್ತಿದ್ದೆ, ಹೊಟ್ಟೆಯೇನು ಕಂಟ್ರೋಲ್ ರೂಮಾ ಅಂತ. ಇದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಅಮ್ಮನಿಗೂ.

ಇನ್ನಷ್ಟು ಕೆಳಗಿಳಿಯಿರಿ. ಕೈ ಮುಗಿಯುತ್ತೇನೆ, ಎಲ್ಲಿಯವರೆಗೆ ಇಳಿಯಲಾಗುತ್ತದೋ ಅಲ್ಲಿಯವರೆಗೆ ಇಳಿಯಿರಿ. ನಾನು ಅಲ್ಲಿದ್ದಿದ್ದರೆ ನಾನೇ ಇಳಿಯುತ್ತಿದ್ದೆ.

ಪುಟ್ಟಿ ಈಗ ಬೋರಲು ಬೀಳುತ್ತಾಳೆ. ಬೆಳಗಿನ ಹೊತ್ತು ಒಂದು ಚೂರೂ ಹಟ ಇಲ್ಲ ಅಂತಾಳೆ ಅಮ್ಮ. "ನೀನು ಸುಮ್ನೆ ಮಲ್ಕೊ, ನಮ್ಮಿಬ್ರಿಗೂ ಆಟ ಇದೆ" ಅಂತಾಳೆ.


ಏಪ್ರಿಲ್ 30, ಬುಧವಾರ

ಕೀಲಿಯಮ್ಮಾ,

ಉದ್ದಜ್ಜ ಬಿದ್ದ. ಮೊನ್ನೆ ಸೋಮವಾರ, ಹೆಬ್ಬೆಟ್ಟು ಬಂದ ಮೇಲೆ, ಜೋಡಿ ಬಂಡೆ ಹತ್ತಿರ. ನೀನು ಹೇಳಿದ ಹಾಗೆ ಇನ್ನಷ್ಟು ಕೆಳಗಿಳಿದಿದ್ದೆವು. ಹಗ್ಗ ಜಾರಿತು. ತೊಡೆ ಮೂಳೆ ಎರಡು ಕಡೆ. ಆರು ಗಂಟೆ ಹಿಡೀತು ಮೇಲೆ ತರೋಕೆ. ದಾರಿಯುದ್ದಕ್ಕೂ ಜೋಕ್ ಹೇಳ್ತಾನೇ ಇದ್ದ. "ಇಷ್ಟು ಉದ್ದ ಬೆಳೆದದ್ದು ತಪ್ಪಾಯ್ತು, ಮುರಿಯೋಕೆ ಜಾಗ ಜಾಸ್ತಿ." ಆಮೇಲೆ ಜೋಕ್ ನಿಂತಿತು. ಅದೇ ನನಗೆ ಭಯವಾದದ್ದು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಮೊದಲು ಕೇಳಿದ್ದು, ಹದಿನೇಳು ಸಿಕ್ಕನಾ ಅಂತ.

ನಿನ್ನನ್ನು ದೂರಲು ಬರೆಯಲಿಲ್ಲ. ಉಳಿದವರು ಇನ್ನೂ ಇಳಿಯಲು ತಯಾರಿದಾರೆ. ಹೆಬ್ಬೆಟ್ಟು ಬರ್ತಾ ಇರೋವಾಗ ಬಿಡೋದು ಹೇಗೆ? ನೀನೇ ಹೇಳು.


ಮೇ 6, ಮಂಗಳವಾರ

ಭಾವ,

ಇದನ್ನು ಓದಿದ ಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ.

ಉದ್ದಜ್ಜನ ಸುದ್ದಿ ಓದಿ ನಿನ್ನೆ ಬೆಳಗ್ಗೆಯೂ ನಿದ್ದೆ ಹತ್ತಲಿಲ್ಲ. ಹತ್ತು ಗಂಟೆಗೆ ಎದ್ದು ಹಜಾರಕ್ಕೆ ಬಂದೆ. ಅಮ್ಮ ಅಡುಗೆಮನೆಯಲ್ಲಿದ್ದಳು. ಪುಟ್ಟಿ ಚಾಪೆಯ ಮೇಲೆ ಬೋರಲು ಮಲಗಿದ್ದಳು. ಅವಳ ಮುಂದೆ ಒಂದು ಸೆಟ್ಟು. ಹಸಿರು ದೀಪ ಹತ್ತಿತ್ತು.

ಅವಳು ದೀಪವನ್ನೇ ನೋಡಿದಳು. ಅಂಗೈಯಿಂದ ಗುಂಡಿಯ ಮೇಲೆ ಎರಡು ಸಲ ತಟ್ಟಿದಳು. ತಡೆದಳು. ಇನ್ನೊಂದು ಸಲ ತಟ್ಟಿದಳು.

ಆಗ ಬರೆಯಬೇಕಿದ್ದ ವಿಷಯ ಇದು. ಹೆರಿಗೆಗೆ ಬರುವ ಮುಂಚೆ ಗೋದಾಮಿನ ಒಂದು ಹಳೇ ಸೆಟ್ಟಿಗೆ ಅವರ ಸ್ವಂತ ಕೀಲಿಯನ್ನು ನಕಲು ಮಾಡಿ ತಂದಿದ್ದೆ. ಒಂದೇ ನಂಬರು, ಎರಡು ಸೆಟ್ಟು. ಕೀಲಿ ಮೇಜಿನಲ್ಲಿ ಕೂರುವವರು ಮಾಡಲೇಬಾರದ ಒಂದು ಕೆಲಸವಿದ್ದರೆ ಇದು. ಗೊತ್ತಿದ್ದೇ ಮಾಡಿದೆ. ಅಮ್ಮನ ಮನೆಯ ಹಿಂದಿನ ದಿಬ್ಬದ ಕಂಬಕ್ಕೆ ನಿಮ್ಮ ಗುಡ್ಡ ಕಾಣುತ್ತದೆ. ಮಧ್ಯಾಹ್ನ ಹೊತ್ತು ಅವರು ಒಂದು ಸಾಲು ಕಳಿಸುತ್ತಿದ್ದರು. ಕೊನೆಯದು ಮಾರ್ಚ್ 20ರದ್ದು: "ಮಲಗಿದಳಾ?" ನಾನು ಉತ್ತರ ಕೊಡಲಿಲ್ಲ, ಅವಳಿಗೆ ಎಣ್ಣೆ ಹಚ್ಚುತ್ತಿದ್ದೆ, ಕೈ ಜಿಡ್ಡಾಗಿತ್ತು. ಸುದ್ದಿ ಬಂದ ದಿನ ಅದನ್ನು ಆರಿಸಿ ಟ್ರಂಕಿನ ಅಡಿಗೆ ಹಾಕಿದೆ. ಅದರ ಸುಮ್ಮನಿರುವಿಕೆ ಸಹಿಸಲಾಗಲಿಲ್ಲ.

ಅಮ್ಮ ಏಪ್ರಿಲ್ ಮೊದಲಲ್ಲಿ ಮಗುವಿನ ಬಟ್ಟೆ ಹುಡುಕುವಾಗ ತೆಗೆದಿದ್ದಾಳೆ. ದೀಪ ನೋಡಿದರೆ ಮಗು ಅಳು ನಿಲ್ಲಿಸುತ್ತೆ ಅಂತ ದಿನಾ ಚಾರ್ಜಿಗೆ ಹಾಕಿ ಕೊಟ್ಟಿದ್ದಾಳೆ. "ನಿನ್ನ ಕೆಲಸದ್ದು, ನೋಡಿದರೆ ಮನಸ್ಸು ಕೆಡಿಸ್ಕೋತೀಯ ಅಂತ ಹೇಳ್ಲಿಲ್ಲ ಕಣೇ" ಎಂದಳು. ನಾನು ನಿಮ್ಮಿಂದ ಮುಚ್ಚಿಟ್ಟದ್ದನ್ನು ಅವಳು ನನ್ನಿಂದ ಮುಚ್ಚಿಟ್ಟಳು, ಇಬ್ಬರೂ ಒಳ್ಳೆಯದಕ್ಕೇ. ಉದ್ದಜ್ಜನ ಕಾಲು ಮುರಿದದ್ದು ನನ್ನ ಮಗಳ ಅಂಗೈಯಿಂದ.

ಆ ತಟ್ಟುವುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಅದನ್ನು ಯೋಚಿಸಲು ನನಗೆ ಧೈರ್ಯವಿಲ್ಲ.

ಈಗ ಕೇಳಿ. ಸೆಟ್ಟಿನ ಬ್ಯಾಟರಿ ತೆಗೆದು ನನ್ನ ದಿಂಬಿನ ಕೆಳಗಿಟ್ಟಿದ್ದೇನೆ. ಆದರೆ ಮಾರ್ಚ್ 24ರಂದು ಇದು ಟ್ರಂಕಿನಲ್ಲಿ ಸತ್ತು ಬಿದ್ದಿತ್ತು. ಅವತ್ತು ‘ಮುಟ್ಟಿತು’ ಅಂದವರು ಯಾರು? ಒಂದೇ ನಂಬರಿನಿಂದ ಎರಡು ಉತ್ತರ ಬಂದರೆ ಪಟ್ಟಿ ಒಂದನ್ನೇ ತೋರಿಸುತ್ತದೆ. ಕೆಳಗೆ ‘ವಿವರ’ ಅಂತಿದೆ, ಅದನ್ನು ತೆರೆಯಿರಿ. ಎಲ್ಲ ಉತ್ತರಗಳೂ, ಯಾವ ಕಂಬದ ಮೂಲಕ ಬಂದವು ಅನ್ನುವುದೂ ಅಲ್ಲಿರುತ್ತದೆ. ಮುಂದಿನ ಸೋಮವಾರ ನೋಡಿ ಬರೆಯಿರಿ. ಅಲ್ಲಿಯವರೆಗೆ ಯಾರೂ ಇಳಿಯಬಾರದು.


ಮೇ 13, ಮಂಗಳವಾರ

ಕೀಲಿಯಮ್ಮಾ,

ನಿನ್ನ ಕಾಗದ ಓದಿ ಶೆಡ್ಡಿನ ಹಿಂದೆ ಹೋಗಿ ಕೂತೆ. ಕೋಪ ಬಂತು. ಆಮೇಲೆ ನೋಡಿದರೆ ಕೋಪ ಅಲ್ಲ. ಅವನು ಕಟ್ಟಿಗೆ ಒಡೆಯೋವಾಗ ಬೆರಳು ಜಜ್ಜಿಕೊಂಡ ದಿನ ನನಗೂ ಬೆರಳು ನೋಯುತ್ತಿತ್ತು, ಅಂಥದ್ದು. ಹೋಗಲಿ. ಸಾಹೇಬರಿಗೆ ನಾನೇ ಹೇಳಿದ್ದೇನೆ. ನಕಲು ಸೆಟ್ಟಿನ ಲೆಕ್ಕ ಆಮೇಲೆ ಕೇಳ್ತಾರಂತೆ.

ನಿನ್ನೆ ಹತ್ತು ಗಂಟೆಗೆ, ಹದಿನೇಳು: ಮುಟ್ಟಿತು. ಹೆಬ್ಬೆಟ್ಟು ಇಲ್ಲ.

ವಿವರ ತೆರೆದೆ. ಏಪ್ರಿಲ್ ಏಳರಿಂದ ಮೇ ಐದರವರೆಗೆ ಪ್ರತಿ ಸೋಮವಾರ ಎರಡೆರಡು ‘ಮುಟ್ಟಿತು’ ಇವೆ. ಒಂದು ನಿಮ್ಮ ದಿಬ್ಬದ ಕಂಬದಿಂದ. ಇನ್ನೊಂದು ಇಲ್ಲಿ ಗುಡ್ಡದಿಂದ. ಅವನು ಇದ್ದಾನೆ! ಆದರೆ ಒಂದು ಕಡೆ ಇಲ್ಲ. ನಾವು ಬೋಳು ಗುಡ್ಡ ಹುಡುಕಿದ ವಾರ ಜೋಡಿ ಬಂಡೆ ಕಂಬದಿಂದ ಬಂದಿದೆ. ನಾವು ಜೋಡಿ ಬಂಡೆಗೆ ಹೋದಾಗ ಹಳೇ ಕೆರೆ ಕಂಬದಿಂದ. ಕೆರೆಗೆ ಹೋದ ವಾರ ಮತ್ತೆ ಬೋಳು ಗುಡ್ಡ. ಪಾಪ, ತಲೆಗೆ ಪೆಟ್ಟಾಗಿ ದಿಕ್ಕು ತೋಚದೆ ಅಲೀತಿದಾನೆ ಅಂತಾನೆ ಉದ್ದಜ್ಜ, ಹಾಸಿಗೆಯಿಂದಲೇ.

ನಾನೂ ಒಂದು ಮುಚ್ಚಿಟ್ಟಿದ್ದೆ. ಆ ಒಲೆಯ ಪಕ್ಕ ಸಿಗರೇಟ್ ತುಂಡುಗಳಿದ್ದವು. ಇವನು ಸೇದಲ್ಲ. ಒಂಟಿತನಕ್ಕೆ ಕಲಿತನೇನೋ ಅಂದುಕೊಂಡೆ. ಸಿಗರೇಟ್ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಲಿಲ್ಲ.

ನಿನ್ನೆ ತಡೆಯಲಾಗದೆ ಸೆಟ್ಟಲ್ಲಿ ಹೇಳಿದೆ. "ಹದಿನೇಳು, ನಾನು ಅಣ್ಣ. ನೀನೇ ಆದ್ರೆ ಒತ್ತು."

ಗಡಿಯಾರ ನೋಡ್ತಾ ಕಾದೆ. ಆಮೇಲೆ ಒತ್ತಿತು. ಒಂದೇ ಸಲ. ಬಿಡಲಿಲ್ಲ. ನಲವತ್ತು ಸೆಕೆಂಡ್ ಹಾಗೇ ಹಿಡಿದಿತ್ತು. ಬಾಗಿಲಾಚೆ ನಿಂತವನು ಬಡಿಯದೆ ಬಾಗಿಲಿಗೆ ಅಂಗೈ ಊರಿಕೊಂಡು ನಿಂತರೆ ಹೇಗಿರತ್ತೆ, ಹಾಗೆ. ಆಮೇಲೆ ಬಿಟ್ಟಿತು.

ಅದು ಅವನ ಕೈ ಅಲ್ವಾ? ನೀನು ಹೂಂ ಅಂದರೆ ನಾಳೆಯೇ ನಾನು ಇಳೀತೇನೆ. ಹಗ್ಗ ಕಟ್ಟಿಟ್ಟಿದ್ದೇನೆ.


ಮೇ 15, ಗುರುವಾರ

ಭಾವ,

ಇಳಿಯಬೇಡಿ. ಹದಿನೇಳನ್ನು ಅಳಿಸಿ.

ನೀವು ಬರೆದ ಆ ಕಂಬಗಳ ಸಾಲನ್ನು ಇನ್ನೊಂದು ಸಲ ಓದಿ. ಎಲ್ಲಿ ಹುಡುಕುತ್ತೀರೆಂದು ಭಾನುವಾರ ಸೆಟ್ಟಿನಲ್ಲಿ ಹೇಳುತ್ತೀರಿ. ಸೋಮವಾರದ ಹೊತ್ತಿಗೆ ಹದಿನೇಳು ಅಲ್ಲಿಂದ ಎದ್ದು ಹೋಗಿರುತ್ತದೆ. ಪ್ರತಿ ವಾರವೂ. ದಿಕ್ಕು ತಪ್ಪಿದವನು ಒಂದು ಸಲವಾದರೂ ಎದುರಿಗೆ ಸಿಗುತ್ತಾನೆ, ಭಾವ. ಒಂದೂ ಸಲ ಸಿಗದೆ ಇರಬೇಕಾದರೆ ದಿಕ್ಕು ಚೆನ್ನಾಗಿ ಗೊತ್ತಿರಬೇಕು. ಸಿಗಬೇಕೆಂದು ಕಾಯುವವನು ಹುಡುಕುವವರ ಕಡೆ ಬರುತ್ತಾನೆ, ಆಚೆ ಹೋಗುವುದಿಲ್ಲ.

ಅದು ಯಾರೆಂದು ನನಗೆ ಗೊತ್ತಿಲ್ಲ. ಮರ ಕಡಿದು, ಬುಡ ಕಾಣದಂತೆ ಬೆಂಕಿಯಿಡುವವರೇ ಇರಬಹುದು. ಎಂಟು ವಾರದಿಂದ ನಿಮ್ಮ ಪ್ರತಿ ಮಾತು ಕೇಳಿಸಿಕೊಂಡು ಕೂತಿದ್ದಾರೆ. ಉದ್ದಜ್ಜನ ಹಗ್ಗ ಎಲ್ಲಿ ಕಟ್ಟುತ್ತೀರಿ ಅನ್ನುವುದೂ ಅವರಿಗೆ ಗೊತ್ತಿತ್ತು. ಅದು ತಾನಾಗಿ ಜಾರಿತಾ, ನೀವೇ ಒಮ್ಮೆ ಹಗ್ಗದ ತುದಿ ನೋಡಿ.

ನಾನೇ ‘ಎಳೆ ಕಡಿಯಬೇಡಿ’ ಅಂದಿದ್ದೆ. ನಿಮ್ಮ ತಮ್ಮನ ಕೈಗೆ ಎಂದು ನೀವು ವಾರ ವಾರ ಕೊಟ್ಟ ಕೀಲಿ ಇನ್ನೊಂದು ಕೈಗೆ ಹೋಗಿದೆ. ಸೆಟ್ಟು ಅವರ ಕೈಯಿಂದ ಹೇಗೆ ಹೋಯಿತು ಅನ್ನುವುದನ್ನು ನಾನು ಬರೆಯುವುದಿಲ್ಲ. ನೀವೂ ಬರೆಯಬೇಡಿ.

ಅಳಿಸುವಾಗ ಒಂದು ತಪ್ಪು ಮಾಡಬೇಡಿ. ಹೊಸ ಕೀಲಿಯನ್ನು ಎಂದಿನಂತೆ ಹಳೆಯ ಗುಂಪಿನ ಕೀಲಿಯಲ್ಲಿ ಸುತ್ತಿದರೆ ಹದಿನೇಳು ಅದನ್ನೂ ಬಿಚ್ಚಿಕೊಳ್ಳುತ್ತದೆ, ಅಳಿಸಿದ್ದು ದಂಡ. ಒಬ್ಬೊಬ್ಬರ ಸ್ವಂತ ಕೀಲಿಯಲ್ಲಿ, ಒಂದೊಂದಾಗಿ, ಇಪ್ಪತ್ತೊಂದು ಸಲ ಕಳಿಸಬೇಕು. ಬೇಸರವಾಗುತ್ತದೆ. ಎಣಿಸಿಕೊಂಡು ಮಾಡಿ. ಇಪ್ಪತ್ತೆರಡನೆಯದಕ್ಕೆ ಕೈ ತಾನಾಗಿ ಹೋಗುತ್ತದೆ, ಆಗ ಮೇಜಿನಿಂದ ಎದ್ದುಬಿಡಿ.

ಸೋಮವಾರ ಹತ್ತಕ್ಕೇ ಮಾಡಿ. ಅಲ್ಲಿಯವರೆಗೆ ಸೆಟ್ಟಿನಲ್ಲಿ ಎಲ್ಲ ಮೊದಲಿನ ಹಾಗೇ ಮಾತಾಡಿ. ನಗುತ್ತಾ ಮಾತಾಡಿ. ಯಾರೂ ಗುಡ್ಡದ ಮೇಲಿರಬಾರದು.

ಗೋಡೆಯ ಹಾಳೆಯ ಕೆಳಗೆ ಸಹಿಗೆ ಜಾಗ ಇದೆ. ಯಾರ ಅನುಮತಿಯ ಮೇಲೆ ಅಳಿಸಿದ್ದು ಅಂತ ಬರೆಯಬೇಕು. ನನ್ನ ಹೆಸರು ಬರೆಯಿರಿ. ಹೆಂಡತಿ ಅಂತ ಬೇಡ. ಕೀಲಿ ಮೇಜು ಅಂತ ಬರೆಯಿರಿ.


ಮೇ 19, ಸೋಮವಾರ, ಹನ್ನೆರಡು ಗಂಟೆ

ಭಾವ,

ಇವತ್ತೂ ಮಲಗಲಿಲ್ಲ. ಒಂಬತ್ತೂಮುಕ್ಕಾಲಿಗೆ ಹಳೇ ಸೆಟ್ಟಿಗೆ ಬ್ಯಾಟರಿ ಹಾಕಿದೆ. ನೀವು ಹದಿನೇಳನ್ನು ಅಳಿಸಿದರೆ ಇದೂ ಸಾಯುತ್ತದೆ. ಅಲ್ಲಿ ಕೆಲಸ ಸರಿಯಾಗಿ ಆಯಿತೋ ಇಲ್ಲವೋ ಎಂದು ಇಲ್ಲಿಂದ ನೋಡಲು ನನಗೆ ಬೇರೆ ದಾರಿ ಇರಲಿಲ್ಲ. ಇದು ಸುಳ್ಳು. ಅವರ ಜೊತೆ ಕೂತಿರಬೇಕು ಅನ್ನಿಸಿತು, ಅಷ್ಟೆ.

ಚಾಪೆಯ ಮೇಲೆ ಮೂವರೂ ಕೂತೆವು. ಅಮ್ಮ, ನಾನು, ನನ್ನ ಮಡಿಲಲ್ಲಿ ಪುಟ್ಟಿ. ನಿಮ್ಮ ದನಿ ಕೇಳುತ್ತಿತ್ತು. ಚಹಾ ತಣ್ಣಗಾಯಿತು ಅಂತ ಯಾರನ್ನೋ ರೇಗಿಸುತ್ತಿದ್ದಿರಿ. ಚೆನ್ನಾಗಿ ಮಾತಾಡಿದಿರಿ. ಹತ್ತು ಗಂಟೆಗೆ ಎರಡು ನಿಮಿಷವಿದ್ದಾಗ, ನಿಮ್ಮ ದನಿಯ ಮೇಲೆಯೇ, ಯಾರೋ ಹದಿನೇಳರಿಂದ ಒತ್ತಿದರು. ಒಂದೇ ಸಲ. ಬಿಡಲಿಲ್ಲ. ನಮ್ಮ ಹಸಿರು ದೀಪ ಅಲ್ಲಾಡದೆ ಉರಿಯಿತು. ಪುಟ್ಟಿ ದೀಪವನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡಳು. ಇಷ್ಟು ದಿನದಲ್ಲಿ ಒಂದು ಸಲವೂ ಹಾಗೆ ಮಾಡಿಲ್ಲವಂತೆ.

ಹತ್ತು ಗಂಟೆಗೆ ನಿಮ್ಮ ಮಾತಿನ ನಡುವೆ ಗೊರಗೊರ ಶುರುವಾಯಿತು. ಆಮೇಲೆ ಬರೀ ಗೊರಗೊರ. ಆಮೇಲೆ ದೀಪ ಆರಿತು. ಸರಿಯಾಗಿ ಮಾಡಿದ್ದೀರಿ. ಇಪ್ಪತ್ತೊಂದಕ್ಕೆ ಎದ್ದಿರಿ.

ಅಮ್ಮ ಸೆಟ್ಟನ್ನು ತೆಗೆದುಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಪುಟ್ಟಿ ನನ್ನ ಹೊಟ್ಟೆಯ ಮೇಲೆ ತಟ್ಟಿದಳು. ಸೀರೆಯ ಮೇಲಿಂದ, ಅಂಗೈಯಿಂದ. ಎರಡು. ತಡೆದಳು. ಒಂದು.

ಮಾರ್ಚ್ 20ರಿಂದ ನಾನು ‘ಮಲಗಿದಳಾ?’ ಅನ್ನುವ ಅವರ ಆ ಸಾಲಿಗೆ ಉತ್ತರ ಕೊಟ್ಟಿರಲಿಲ್ಲ. ಮಲಗಿಲ್ಲ, ಎದ್ದಿದ್ದಾಳೆ ಎಂದೆ.